ತೊಗರಿ ನೋಡುವ ಕೈಯಿಂದ ಪೆಪ್ಪರ್‌ಮಿಂಟ್ ಎಣ್ಣೆಗೆ

ಮಾನ್ಯರೇ,

ನೆತ್ತಿಗೆ ಆರೋಗ್ಯ, ಬೇರಿಗೆ ಬಲ, ಕೂದಲಿಗೆ ಮರುಜನ್ಮ ಎಂಬ ಬಿರುದುಗಳನ್ನೆಲ್ಲ ಬೆರಳುದ್ದದ ಬಾಟಲಿಯ ಮೇಲೆ ಹೊತ್ತುಕೊಂಡು ನಮ್ಮ ಮನೆಯ ಕನ್ನಡಿ ಗೂಡಿನಲ್ಲಿ ವಿರಾಜಮಾನರಾಗಿದ್ದ ಶ್ರೀಮತ್ ಪೆಪ್ಪರ್‌ಮಿಂಟ್ ಎಣ್ಣೆಯವರ ಪಾದಗಳಿಗೆ, ಅಂದರೆ ಬಾಟಲಿಯ ತಳಕ್ಕೆ, ತಾಂಡೂರಿನ ಅಡತಿ ವ್ಯಾಪಾರಿ ಗುರುಬಸವನು ಇದ್ದಷ್ಟು ತಲೆಯನ್ನು ಬಾಗಿಸಿ ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ವಾಸನೆಯಿಂದಲೇ ತಿಳಿಯುತ್ತದೆ. ನಾನು ಮಾತ್ರ ಕ್ಷೇಮವಾಗಿಲ್ಲ.

ರೈತರು ತಂದ ತೊಗರಿಯ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಅಂಗೈಗೆ ತಂಪು ಹತ್ತಿದರೆ ಹಸಿ, ಬೆಚ್ಚಗಿದ್ದರೆ ಒಣಗಿದೆ ಎಂದು ತೀರ್ಪು ಕೊಡುವುದು ನನ್ನ ಕಸುಬು. ಇದು ನಮ್ಮಪ್ಪ ಶಾಂತಪ್ಪನವರಿಂದ ಬಂದ ವಿದ್ಯೆ. ತೇವ ಅಳೆಯುವ ಯಂತ್ರವೊಂದು ಬಜಾರಿನಲ್ಲಿ ಇದ್ದೇ ಇದೆ, ಆದರೆ ನನ್ನ ಅಂಗಡಿಗೆ ಬರುವವರು ಅದರ ಕಡೆ ಹೊರಳಿಯೂ ನೋಡದೆ "ಗುರುಬಸಪ್ಪನ ಕೈ ಹೇಳಿತಂದ್ರ ಮುಗೀತ್ರಿ" ಎನ್ನುತ್ತಾರೆ, ಅಥವಾ ಹೋದ ಸುಗ್ಗಿಯವರೆಗೆ ಎನ್ನುತ್ತಿದ್ದರು. ಇಂಥ ಕೈಯಿದ್ದ ಮನುಷ್ಯನಿಗೆ ತಲೆಯ ಉಸಾಬರಿ ಯಾಕೆ ಬೇಕಿತ್ತು ಎಂದು ತಾವು ಕೇಳುವುದು ನ್ಯಾಯವೇ. ಜಹೀರಾಬಾದಿನಲ್ಲಿ, ನನ್ನ ಹೆಂಡತಿ ಶಿವಕಾಂತಾಳ ತವರಿನಲ್ಲಿ, ತೊಟ್ಟಿಲ ಕಾರ್ಯದ ದಿನ ಯಾರೋ ಮಾಳಿಗೆಯ ಮೇಲಿಂದ ಫೋಟೊ ತೆಗೆದರು. ಅದು ಮನೆಮಂದಿಯ ವಾಟ್ಸಾಪಿಗೆ ಬಿದ್ದದ್ದೇ ತಡ, ನಾರಾಯಣಖೇಡದ ನನ್ನ ಷಡ್ಡಕ ಲಿಂಗರಾಜ "ಗುರುಬಸಪ್ಪನ ನೆತ್ತಿಮ್ಯಾಲ ತಾಂಡೂರ ಫರಸಿ ಹಾಸ್ಯಾರ, ಪಾಲೀಶೂ ಆಗ್ಯದ" ಎಂದು ನಮ್ಮೂರ ನೆಲಹಾಸು ಕಲ್ಲಿಗೆ ಹೋಲಿಸಿ ಬರೆದ. ಎಲ್ಲರೂ ನಕ್ಕರು, ಅದು ಹೋಗಲಿ. ಶಿವಕಾಂತಾಳೂ ಒಂದು ನಗುವ ಮುಖ ಹಾಕಿದಳು ನೋಡಿ, ಅದು ನನ್ನ ಹೊಟ್ಟೆಗೆ ಬೆಂಕಿ ಹಚ್ಚಿತು.

ಆ ಉರಿಯಲ್ಲೇ ತಮ್ಮನ್ನು ತರಿಸಿಕೊಂಡೆ. ಕೊಬ್ಬರಿ ಎಣ್ಣೆಯಲ್ಲಿ ಕೆಲವೇ ಹನಿ ಬೆರೆಸಿ ಹಚ್ಚತಕ್ಕದ್ದು ಎಂದು ಬಾಟಲಿಯ ಬೆನ್ನ ಮೇಲೆ ಇರುವೆ ಕಾಲಿನಂಥ ಅಕ್ಷರದಲ್ಲಿ ಬರೆದಿತ್ತಂತೆ. ಓದಿದ್ದರೂ ನಾನು ಕೇಳುತ್ತಿರಲಿಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಬಜಾರಿನಲ್ಲೇ ಬೆಳೆದವನಿಗೆ ಬೆರಕೆ ಎಂದರೆ ಮೈಯೆಲ್ಲ ಉರಿಯುತ್ತದೆ. ಆದ್ದರಿಂದ ತಮ್ಮನ್ನು ಶುದ್ಧಾಂಗವಾಗಿ ಅಂಗೈಗೆ ಸುರಿದುಕೊಂಡು ದಿನಾ ಬೆಳಿಗ್ಗೆ ನೆತ್ತಿಗೆ ತಿಕ್ಕಿದೆ. ಅಬ್ಬಬ್ಬಾ, ಏನು ತಮ್ಮ ಮಹಿಮೆ! ಮಾರ್ಚ್ ತಿಂಗಳ ಬಿಸಿಲಲ್ಲೂ ತಲೆಯೊಳಗೆ ಹಿಮ ಬಿದ್ದಂತಾಗಿ, ಲಿಂಗಪೂಜೆಗೆ ಕೂತರೆ ಕಣ್ಣಿಂದ ನೀರು ಧಾರಾಕಾರ. ಅದನ್ನು ಕಂಡ ನಮ್ಮವ್ವ ಸುಂದರಬಾಯಿ "ನನ್ನ ಮಗಗ ಈಗರ ಭಕ್ತಿ ಬಂತಲ್ಲೋ ಶಿವನೇ" ಎಂದು ಕೈಮುಗಿದು ಓಣಿಗೆಲ್ಲ ಸಾರಿದಳು. ಸುಳ್ಳು ಹೇಳುವುದು ಬೇಡವೆಂದು ನಾನು ಕಣ್ಣೊರೆಸಿಕೊಂಡು ಪೂಜೆ ಮುಂದುವರಿಸಿದೆ.

ಆಗಲೇ ಬಜಾರಿನಲ್ಲಿ ವಿಚಿತ್ರವೊಂದು ಶುರುವಾಯಿತು. ಯಾವ ರಾಶಿಯಲ್ಲಿ ಕೈಯಿಟ್ಟರೂ ತಂಪು. ಊರಿಗೆ ಊರೇ ಈ ಸಲ ಹಸಿ ತೊಗರಿ ಮಾರಲು ಕೂತಿದೆ, ಇದನ್ನು ಹಿಡಿಯುವ ಕೈ ಜಿಲ್ಲೆಯಲ್ಲಿ ನನ್ನದೊಂದೇ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ನಮ್ಮಪ್ಪನ ಕಾಲದಿಂದ ನಮ್ಮ ಅಂಗಡಿ ಬಿಟ್ಟು ಬೇರೆ ಅಂಗಡಿ ಮೆಟ್ಟಿಲು ಹತ್ತದ ಬೊಮ್ರಾಸಪೇಟೆಯ ಹಣಮಯ್ಯನ ಮಾಲಿಗೂ "ಹಸಿ ಅದ" ಎಂದೆ. "ಸಾವ್ಕಾರ, ಬಂಡೆಗಲ್ಲಮ್ಯಾಲ ಹಾಕಿ ಒಣಗಿಸೀನ್ರಿ, ಕಡದರ ಹಲ್ಲ ಮುರೀತದ" ಎಂದು ಆತ ಅಂದರೆ, ಹಲ್ಲು ಮುರಿದೀತು, ಗುರುಬಸವನ ಕೈ ಸುಳ್ಳಾಗದು ಎಂದು ಎಲ್ಲರೆದುರು ಹೇಳಿಬಿಟ್ಟೆ. ಪಾಪ, ಆ ಮನುಷ್ಯ ಅಷ್ಟೂ ಚೀಲ ಬಿಚ್ಚಿ, ಬಜಾರಿನ ಕಾದ ಫರಸಿಯ ಮೇಲೆ ಹರವಿ, ಟವೆಲ್ಲು ತಲೆಗೆ ಹಾಕಿಕೊಂಡು ದಿನವಿಡೀ ಕಾದ. ಮರುದಿನ ಮತ್ತೆ ತಮ್ಮನ್ನು ತಿಕ್ಕಿಕೊಂಡು ಹೋಗಿ ಕೈಯಿಟ್ಟೆ. ಮತ್ತೆ ಹಸಿ. ಹಣಮಯ್ಯ ಚೀಲ ಕಟ್ಟಿಸಿ, ಯಂತ್ರದಲ್ಲಿ ತೋರಿಸಿದ. ಅದು ಒಣಗಿದೆ ಎಂದಿತು. ಆತ ಎದುರಿನ ಅಂಗಡಿಗೆ ಮಾಲು ಇಳಿಸಿ ಹೊರಟುಹೋದ. ಯಂತ್ರ ಕೆಟ್ಟಿದೆ ಎಂದು ನಾನು ಬಜಾರಿನ ತುಂಬ ಹೇಳಿಕೊಂಡು ಬಂದೆ.

ಕೆಟ್ಟದ್ದು ಯಾವುದೆಂದು ಶಿವಕಾಂತಾ ಕಂಡುಹಿಡಿದಳು. ಚಹಾ ಆರಿದೆ, ರೊಟ್ಟಿ ಆರಿದೆ ಎಂಬ ನನ್ನ ದಿನದ ರಗಳೆಗೆ ಬೇಸತ್ತ ಅವಳು ಅಂದು ಹಂಚಿನ ಮೇಲಿನ ರೊಟ್ಟಿಯನ್ನು ನೇರ ನನ್ನ ಅಂಗೈಯಲ್ಲಿಟ್ಟಳು. ನಾನು "ಇದೂ ತಣ್ಣಗದ" ಎಂದೆ. ಅಂಗೈ ಕೆಂಪಾಗಿತ್ತು. "ಅಯ್ಯ, ಮದಲ ಆ ಕೈ ಮೂಸಿ ನೋಡ್ಕೋರಿ" ಎಂದಳು. ಮೂಸಿದೆ. ಅದರಲ್ಲಿ ತಾವಿದ್ದಿರಿ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ದಯಮಾಡಿ ತಾಂಡೂರಿನ ಬಜಾರಿಗೆ ಸ್ವತಃ ಚಿತ್ತೈಸಿ, ನಾನು ಹಸಿಯೆಂದ ತೊಗರಿಯೆಲ್ಲ ಒಣಗಿಯೇ ಇತ್ತೆಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಡಂಗುರ ಹೊಡೆಯಬೇಕು, ಯಂತ್ರದ ಕ್ಷಮೆ ಕೇಳಬೇಕು, ಹಣಮಯ್ಯ ಬಿಸಿಲಲ್ಲಿ ಕೂತ ಆ ದಿನವನ್ನು ಆತನಿಗೆ ವಾಪಸು ಕೊಡಿಸಬೇಕು. ತಾವು ಬರಲಾರಿರಿ ಎಂದು ಗೊತ್ತಿದ್ದರಿಂದ ನಾನೇ ಕೈಯನ್ನು ಸೀಗೆಪುಡಿಯಿಂದ ಉಜ್ಜಿ ಉಜ್ಜಿ ತೊಳೆದು, ಬೊಮ್ರಾಸಪೇಟೆಯ ಬಸ್ಸು ಹತ್ತಿದೆ. ನಾಚಿಕೆಯಿಂದ ಸತ್ತೇ ಹೋಗಿದ್ದೆ. ಹಣಮಯ್ಯನ ಹೆಂಡತಿ ಭೂದೇವಿ ನನ್ನ ಕಥೆ ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕು ಒಳಗೆ ಹೋದಳು. ಆತ ಮಾತ್ರ ನಗಲಿಲ್ಲ. "ಸಾವ್ಕಾರ, ಇಷ್ಟ ವರ್ಷ ನಾವು ನಿಮ್ಮ ಕೈ ನೋಡಿ ಬಂದೀವ್ರಿ. ನಿಮ್ಮ ತಲಿ ಯಾರ ನೋಡ್ಯಾರ?" ಎಂದ.

ಭೂದೇವಿ ಚಹಾ ತಂದಳು. ಲೋಟ ಹಿಡಿದರೆ ಅಂಗೈ ಚುರ್ ಎಂದಿತು, ಮತ್ತು ಮಾನ್ಯರೇ, ಅಷ್ಟು ಸಂತೋಷ ನನಗೆ ತಲೆತುಂಬ ಕೂದಲಿದ್ದ ಕಾಲದಲ್ಲೂ ಆಗಿರಲಿಲ್ಲ. ಈ ಸುಗ್ಗಿಯಲ್ಲಿ ಹಣಮಯ್ಯ ಮತ್ತೆ ನಮ್ಮ ಅಂಗಡಿಗೇ ಬಂದ. ಚೀಲ ಬಿಚ್ಚುವ ಮೊದಲು ನನ್ನ ಅಂಗೈ ಹಿಡಿದು ಮೂಗಿನ ಹತ್ತಿರ ಒಯ್ದು, ಮೂಸಿ, "ಹಾಂ, ಈಗ ಇಡ್ರಿ" ಎಂದ. ಹಿಂದೆ ನಿಂತ ರೈತರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ನಾನು ಕೈ ಚಾಚಿ ನಿಂತೆ.

ತಲೆಯ ಮಟ್ಟಿಗೆ ಮಾಜಿಯಾದ,
ತಮ್ಮ ವಿಶ್ವಾಸಿ,
ಗುರುಬಸವ

ತಾ.ಕ.: ಉಳಿದರ್ಧ ಬಾಟಲಿಯನ್ನು ಶಿವಕಾಂತಾ ಬೇಳೆ ಡಬ್ಬಿಗಳ ಸಾಲಿನಲ್ಲಿ ಬಿರಡೆ ತೆಗೆದು ಇಟ್ಟಿದ್ದಾಳೆ, ಒಂದು ಹುಳವೂ ಆ ಕಡೆ ಸುಳಿದಿಲ್ಲ. ಇದ್ದವರನ್ನು ಓಡಿಸುವುದೇ ತಮ್ಮ ಕಸುಬೆಂದು ಮೊದಲೇ ಹೇಳಿದ್ದರೆ, ನೆತ್ತಿಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನಾದರೂ ನಾನು ಬಚ್ಚಿಡುತ್ತಿದ್ದೆ.