ತುಲಾಭಾರದ ತಕ್ಕಡಿಗೆ, ನನ್ನ ತೂಕದ ವಿಷಯವಾಗಿ

ಶಿರಾಲಿ, ಏಪ್ರಿಲ್ 2004

ನಮ್ಮೂರ ದೇವಸ್ಥಾನದ ಚಂದ್ರಶಾಲೆಯ ಚಾವಡಿಯಲ್ಲಿ ತೂಗಾಡಿಕೊಂಡಿರುವ ತುಲಾಭಾರದ ತಕ್ಕಡಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಹೆದ್ದಾರಿ ಬದಿಯ ಅಂಗಡಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ರೇಖಾ ನಾಯ್ಕಳ ಅನಂತ ನಮಸ್ಕಾರಗಳು. ತಾವು ಎರಡೂ ಹಲಗೆ, ಸರಪಳಿ ಮತ್ತು ಆ ದಪ್ಪ ಮರದ ದಂಡ ಸಮೇತ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನೂ ಕ್ಷೇಮ. ಎಷ್ಟು ಕ್ಷೇಮವೆಂದರೆ, ಮೂರು ವರ್ಷದ ಹಿಂದೆ ನನಗೆ ನಾನೇ ಹೊಲಿದುಕೊಂಡ ರವಿಕೆಯೊಳಗೆ ಈಗ ನನ್ನ ಒಂದು ತೋಳು ಮಾತ್ರ ಸುಖವಾಗಿ ಹೋಗುತ್ತದೆ.

ತಮಗೆ ನೆನಪಿರಬಹುದು, ಆ ವರ್ಷ ನನ್ನ ಹೊಲಿಗೆ ಮಷಿನ್ನಿನೊಳಗೆ ಮೂವರು ಗಂಡಸರು ಬಂದು ಕುಳಿತಿದ್ದರು. ಕಣ್ಣಿಗೆ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ನಾನು ಪೆಡಲು ತುಳಿದಾಗಲೆಲ್ಲ ಬೈಯುತ್ತಿದ್ದರು, ಗಂಜಿಯಲ್ಲಿ ವಿಷ ಹಾಕಿದ್ದಾರೆ ಎನ್ನುತ್ತಿದ್ದರು, ನಾನೂ ಅವರನ್ನು ನಂಬಿ ಊಟ ಬಿಟ್ಟೆ. ಮೂವತ್ತೊಂಬತ್ತು ಕಿಲೋಗೆ ಇಳಿದಾಗ ಅಮ್ಮ ತಮ್ಮೆದುರು ಕೈಮುಗಿದು ನಿಂತು, "ನನ್ ಮಗ್ಳು ಆರಾಮಾದ್ರೆ ಅವ್ಳ ತೂಕದಷ್ಟ್ ಕಾಯಿ ಹಾಕ್ತೆ" ಎಂದು ಹರಕೆ ಹೇಳಿಕೊಂಡಳು. ಹಿತ್ತಲಲ್ಲಿ ತೆಂಗಿನ ಮರಗಳಿದ್ದವು, ಮಗಳು ಹಿಡಿ ಗಾತ್ರ ಇದ್ದಳು, ಅಮ್ಮನ ಅಂದಾಜಿಗೆ ಒಂದು ಕೊಯ್ಲಿನ ಕಾಯಿ ಧಾರಾಳವಾಗಿತ್ತು.

ಅದೇ ವಾರ ಹೊನ್ನಾವರದಲ್ಲಿ ಮನಸ್ಸಿನ ಡಾಕ್ಟರರು ರಾತ್ರಿ ನುಂಗಲು ಒಂದು ಬಿಳಿ ಮಾತ್ರೆ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಆ ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋದರು, ಮತ್ತು ಅವರು ಖಾಲಿ ಮಾಡಿದ ಜಾಗದಲ್ಲಿ ಹಸಿವು ಬಂದು ಬಿಡಾರ ಹೂಡಿತು. ಬೆಳಿಗ್ಗೆ ದೋಸೆ ತಿನ್ನುವಾಗಲೇ ಮಧ್ಯಾಹ್ನದ ಬಂಗಡೆ ಸಾರಿನ ಚಿಂತೆ, ಸಾರು ಉಣ್ಣುವಾಗ ಸಂಜೆಯ ಬನ್ಸಿನ ಚಿಂತೆ, ಬನ್ಸ್ ತಿನ್ನುವಾಗ ಅದು ಮುಗಿದುಹೋಗುತ್ತದಲ್ಲ ಎಂಬ ಚಿಂತೆ. ನೋಡನೋಡುತ್ತಿದ್ದಂತೆ ಅರವತ್ತೇಳು ಕಿಲೋ ಆದೆ. ಅಳತೆ ಕೊಡಲು ಬಂದ ಗಿರಾಕಿಗಳು ಟೇಪು ಕಸಿದುಕೊಂಡು ನನ್ನ ಸೊಂಟಕ್ಕೇ ಸುತ್ತಿ ನೋಡುವ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಳ್ಳುತ್ತಿದ್ದರು.

ಮಾನ್ಯರೇ, ದೂರು ಇಲ್ಲಿಂದ ಶುರು. ಹರಕೆ ಇದ್ದದ್ದು ಮಗಳು ಆರಾಮಾದರೆ ಎಂದು, ಮಾತ್ರೆ ತಿನ್ನುವವಳು ಆರಾಮಾದವಳು ಹೇಗಾದಾಳು ಎಂಬುದು ನನ್ನ ಸೋದರಮಾವ ವೆಂಕ್ಟ್ರಮಣನ ಘನವಾದ ಪ್ರಶ್ನೆ. "ಮಾತ್ರೆ ಬಿಟ್ಟ ಮೇಲೇ ತುಲಾಭಾರ. ಇಲ್ಲಾಂದ್ರೆ ದೇವ್ರಿಗೆ ಸುಳ್ಳು ಹೇಳ್ದಂಗೆ ಆತು" ಎಂದು ಅವನು ತೀರ್ಪು ಕೊಟ್ಟ, ಅಮ್ಮ ತಲೆಯಾಡಿಸಿದಳು. ಹೀಗಾಗಿ ಮಾತ್ರೆ ಇರುವ ತನಕ ಹರಕೆ ತೀರುವುದಿಲ್ಲ, ಹರಕೆ ತೀರದಿದ್ದರೆ ದೇವರು ಮುನಿದು ಕಾಯಿಲೆ ಮರಳೀತೆಂಬ ಭಯ, ಆ ಭಯಕ್ಕೆ ಮಾತ್ರೆ ತಪ್ಪಿಸುವಂತಿಲ್ಲ, ಮಾತ್ರೆಯಿಂದ ತೂಕ, ತೂಕದಿಂದ ಇನ್ನಷ್ಟು ಕಾಯಿ. ಹರಕೆಗೆಂದು ಅಟ್ಟದ ಮೇಲೆ ಕೂಡಿಟ್ಟ ಕಾಯಿಯ ರಾಶಿ ನನ್ನ ಜೊತೆ ಪೈಪೋಟಿಗೆ ಬಿದ್ದು ಬೆಳೆಯಿತು, ನಮ್ಮ ಮನೆಯ ಸಾರಿಗೆ ಕಾಯಿ ಬೀಳುವುದೇ ನಿಂತಿತು. ಕಾಯಿ ಇಲ್ಲದ ಮೀನುಸಾರು ಉಣ್ಣುವ ಸಂಕಟ ತಮ್ಮಂಥ ನಿತ್ಯ ಉಪವಾಸಿಗಳಿಗೆ ತಿಳಿಯುವಂಥದ್ದಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಮಾವನ ಮಾತಿನಂತೆ ಮಾತ್ರೆ ಬಿಟ್ಟೆ. ನನಗೂ ಆಸೆಯಿತ್ತು, ಸುಳ್ಳೇಕೆ. ಹಸಿವು ಹೋಯಿತು, ತೂಕ ಇಳಿಯಿತು, ಹಳೆಯ ಚೂಡಿದಾರ ಮೈಗೆ ಬಂತು, ಮಾವ "ಈಗ ಸರಿ ಆತು ನೋಡು" ಎನ್ನುತ್ತಾ ತುಲಾಭಾರಕ್ಕೆ ಒಳ್ಳೆಯ ದಿನ ಕೇಳಲು ಭಟ್ಟರ ಮನೆಗೆ ಹೊರಟ. ದಿನ ಸಿಗುವ ಮೊದಲೇ ಆ ಮೂವರು ಮರಳಿ ಬಂದರು, ಈ ಸಲ ನಾಲ್ಕನೆಯವನೊಬ್ಬನನ್ನೂ ಕರೆದುಕೊಂಡು. ಹೊಲಿಗೆಯ ಒಳಗೆ ನನ್ನ ಹೆಸರು ಬಚ್ಚಿಟ್ಟಿದ್ದಾರೆ ಎಂದರು. ನಾನು ಜಾಲಿ ಊರಿನ ಗಿರಾಕಿ ಧನ್ಯಾಳ ಮದುವೆಯ ರವಿಕೆಗಳಷ್ಟನ್ನೂ ಒಂದೇ ಮಧ್ಯಾಹ್ನ ಎಳೆ ಎಳೆಯಾಗಿ ಬಿಚ್ಚಿಹಾಕಿದೆ. ಬಹಳ ಅಚ್ಚುಕಟ್ಟಾಗಿ ಬಿಚ್ಚಿದ್ದೆನಂತೆ, ಒಂದು ಬಟ್ಟೆಯೂ ಹರಿದಿರಲಿಲ್ಲವಂತೆ; ಹುಚ್ಚಿನಲ್ಲೂ ಕಸುಬು ಮರೆತವಳಲ್ಲ. ಆಗ ಆದ ಹೆದರಿಕೆಯನ್ನು ಮಾತ್ರ ತಮಾಷೆ ಮಾಡಲು ನನಗಿನ್ನೂ ಬರುವುದಿಲ್ಲ.

ಡಾಕ್ಟರರು ಅಮ್ಮನನ್ನೂ ನನ್ನನ್ನೂ ಸಮನಾಗಿ ಬೈದು, ಮಾತ್ರೆ ಮತ್ತೆ ಶುರುಮಾಡಿ, ತೂಕಕ್ಕೆ ಬೇರೆ ಉಪಾಯ ಹೇಳಿದರು. ಚಹಕ್ಕೆ ಸಕ್ಕರೆ ಬೇಡ, ಅನ್ನ ಕಡಿಮೆ, ಆಗಾಗ ರಕ್ತ ಪರೀಕ್ಷೆ, ದಿನಾ ಜೋರು ನಡಿಗೆ. ಆದರೆ ಶಿರಾಲಿಯಲ್ಲಿ ಹೆಂಗಸೊಬ್ಬಳು ಕೆಲಸವಿಲ್ಲದೆ ಜೋರಾಗಿ ನಡೆದರೆ ಪ್ರತಿ ಮನೆಯ ಜಗಲಿಯಿಂದ "ಎಲ್ಲಿಗ್ ಹೊಂಟ್ಯೆ? ಯಾರಿಗ್ ಎಂತಾತು?" ಎಂಬ ವಿಚಾರಣೆ ನಡೆಯುತ್ತದೆ. ಅದಕ್ಕೆಂದೇ ಪೇಟೆಗೆ ಹೋಗುವವಳಂತೆ ಖಾಲಿ ಚೀಲ ಹಿಡಿದು ಹೊರಟೆ. ಖಾಲಿ ಚೀಲ ಕಂಡು ಸುಮ್ಮನಿರುವ ಊರೇ ಇದು? ಒಬ್ಬರು ಬಸಳೆ ಹಾಕಿದರು, ಇನ್ನೊಬ್ಬರು ಹಲಸಿನ ಹಪ್ಪಳ, ಮೀನು ಮಾರುವ ಗಣಪಿ ನಾಲ್ಕು ಬಂಗಡೆ. ತೂಕ ಇಳಿಸಲು ಹೋದವಳು ದಿನಾ ರಾತ್ರಿಯ ಊಟ ಹೊತ್ತು ಬರುತ್ತೇನೆ. ಇಷ್ಟಾಗಿಯೂ ಐದು ಕಿಲೋ ಇಳಿದಿದ್ದೇನೆ ಎಂಬುದನ್ನು ಬಹಳ ಜಂಬದಿಂದ ತಮಗೆ ತಿಳಿಸುತ್ತೇನೆ.

ಈಗ ಮಾವ ಮತ್ತೆ ಬಂದಿದ್ದಾನೆ. "ಒಂದ್ ಹದ್ನೈದ್ ದಿನ ಬಿಡು ಸಾಕು, ತುಲಾಭಾರ ಮುಗ್ಸಿ ಮತ್ತೆ ನುಂಗು" ಎನ್ನುತ್ತಾನೆ. ಅಮ್ಮ ಈ ಸಲ ತಲೆಯಾಡಿಸದೆ ನನ್ನ ಮುಖ ನೋಡುತ್ತಾಳೆ. ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ನಾನು ಕುಳಿತಾಗ ತಾವು ನನ್ನನ್ನಷ್ಟೇ ತೂಗಿ, ಮಾತ್ರೆಯ ಪಾಲಿನ ಕಿಲೋಗಳನ್ನು ಮಾತ್ರೆ ಮಾಡಿದ ಕಂಪನಿಯ ಹೆಸರಿಗೆ ಬರೆಯಬೇಕು, ಅಷ್ಟು ಕಾಯಿ ಅವರೇ ತಂದು ಒಪ್ಪಿಸಲಿ. ಅದಾಗದಿದ್ದರೆ ಆ ನಾಲ್ವರು ಗಂಡಸರನ್ನು ಹಿಡಿದು ತಂದು ಕಾಯಿಯ ಬದಲು ಎದುರಿನ ಹಲಗೆಯಲ್ಲಿ ಕೂಡಿಸಬೇಕು, ನನ್ನ ತಲೆಯಲ್ಲಿ ಬಿಟ್ಟಿ ಬಿಡಾರ ಮಾಡಿದವರು ಒಂದು ದಿನವಾದರೂ ದೇವರ ಸೇವೆಗೆ ಬರಲಿ. ಅದೂ ಆಗದಿದ್ದರೆ ಹರಕೆ ಹೇಳಿದ ದಿನದ ಆ ಮೂವತ್ತೊಂಬತ್ತು ಕಿಲೋದ ರೇಖಾಳನ್ನೇ ಕರೆಸಿ ತೂಗಬಹುದು. ಅವಳು ಬಂದಳೆಂದರೆ ನಾನು ಬರುವುದಿಲ್ಲ, ಅಷ್ಟೆ.

ಇದೆಲ್ಲ ತಮ್ಮ ಅಧಿಕಾರ ಮೀರಿದ್ದೆಂದು ಗೊತ್ತು. ಹಾಗಾಗಿ ಬರುವ ಸೋಮವಾರ, ಹಿಂದಿನ ರಾತ್ರಿಯ ಮಾತ್ರೆ ನುಂಗಿಯೇ, ಇದ್ದ ತೂಕದಲ್ಲೇ ಬರುತ್ತಿದ್ದೇನೆ, ಮಾವನಿಗೂ ಹೇಳಿಯಾಗಿದೆ. ಇನ್ನು ಉಳಿದದ್ದು ತಾವು ನಿಜಕ್ಕೂ ನಡೆಸಿಕೊಡಬಹುದಾದ ಒಂದೇ ಕೋರಿಕೆ. ಮೊದಲ ಸಲ ಡಾಕ್ಟರರ ಬಳಿ ಹೋದ ದಿನ ನಾನು ಹೆಜ್ಜೆ ಇಡಲು ಒಪ್ಪದೆ ಅಂಗಳದಲ್ಲಿ ಕುಳಿತುಬಿಟ್ಟಿದ್ದೆ. ಅಮ್ಮ ನನ್ನನ್ನು ಬೆನ್ನಿಗೆ ಹಾಕಿಕೊಂಡು, ಗದ್ದೆಯ ಅಂಚಿನ ಮೇಲೆ ನಡೆದು, ಟೆಂಪೋ ನಿಲ್ಲುವಲ್ಲಿಯ ತನಕ ಒಬ್ಬಳೇ ಹೊತ್ತಳು. ಎಷ್ಟು ಹಗುರಿದ್ದೆನೆಂದು ಹೇಳುವಾಗಲೆಲ್ಲ ಅವಳು ಈಗಲೂ ಅಳುತ್ತಾಳೆ. ಸೋಮವಾರ ಅವಳು ಒಂದೊಂದೇ ಕಾಯಿ ಹಾಕುತ್ತಾ ಹೋಗುವಾಗ ನನ್ನ ಹಲಗೆಯನ್ನು ಅವಸರದಲ್ಲಿ ಮೇಲೆತ್ತಬೇಡಿ. ಅವಳು ಹಾಕಲಿ, ಕೈ ಸೋಲುವ ತನಕ ಹಾಕಲಿ. ಇನ್ನು ಈ ಮಗಳನ್ನು ತಾನೊಬ್ಬಳೇ ಎತ್ತಲಾರೆ ಎಂಬುದನ್ನು ಅವಳು ಕಣ್ಣಾರೆ ನೋಡಲಿ.

ತಮ್ಮ ವಿಶ್ವಾಸಿ, ಕೆಳಗಿಳಿದಿರುವ ಬದಿಯ ಹಲಗೆಯಿಂದ,
ರೇಖಾ ನಾಯ್ಕ

ತಾ.ಕ.: ವೆಂಕ್ಟ್ರಮಣ ಮಾವ ಅಂದು ತಮ್ಮ ಪಕ್ಕದಲ್ಲೇ ನಿಂತು ಉಸ್ತುವಾರಿ ನೋಡಿಕೊಳ್ಳುತ್ತಾನೆ. ಅವನು ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುತ್ತಾನೆ, ಕೇಳಿದವರಿಗೆಲ್ಲ ತಾನು ಗುಂಡುಕಲ್ಲಿನ ಹಾಗೆ ಆರಾಮಿದ್ದೇನೆ ಎನ್ನುತ್ತಾನೆ. ದೇವರಿಗೆ ಸುಳ್ಳು ಹೇಳಿದಂತಾದೀತು ಎಂದು ಅವನಿಗೆ ಈ ತನಕ ಯಾರೂ ಎಚ್ಚರಿಸಿಲ್ಲ.