ಕಲ್ಯಾಣದುರ್ಗಕ್ಕೆ ಹೋಗಿಬಂದ ಬಟ್ಟೆ

ಮಾತು ಬಿಟ್ಟವರ ಕಷ್ಟ ದೊಡ್ಡದೆಂದು ಎಲ್ಲರೂ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಅವರು ಒಂದು ರೀತಿಯಲ್ಲಿ ನಿಶ್ಚಿಂತರು. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಮಾತು ಬಿಟ್ಟಿರುತ್ತಾರೆ. ನಿಜವಾದ ಕಷ್ಟ ಅವರಿಬ್ಬರ ನಡುವೆ ಓಡಾಡುವವನದು. ಆ ಕಡೆಯ ಮುಖ ಹೇಗಿತ್ತೆಂದು ಈ ಕಡೆ ವರದಿ ಒಪ್ಪಿಸಬೇಕು, ಈ ಕಡೆಯ ಮೌನವನ್ನು ಜೋಪಾನವಾಗಿ ಆ ಕಡೆಗೆ ಮುಟ್ಟಿಸಬೇಕು, ಎರಡೂ ಕಡೆ ಊಟ ಮಾಡಿ ಎರಡೂ ಕಡೆ ಸಾರು ಚೆನ್ನಾಗಿದೆ ಎನ್ನಬೇಕು. ಈ ಉದ್ಯೋಗವನ್ನು ಸುಮಾರು ಎರಡು ವರ್ಷ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಹೆಂಡತಿ ಮಂಜುಳ ಹಿಂದೂಪುರದಲ್ಲಿ, ಅವಳ ಅಕ್ಕ ಜಯಕ್ಕ ಕಲ್ಯಾಣದುರ್ಗದಲ್ಲಿ. ನಡುವೆ ಬಸ್ಸು, ಬಸ್ಸಿನೊಳಗೆ ನಾನು.

ನನ್ನದು ಹಿಂದೂಪುರದ ಬಜಾರಿನಲ್ಲಿ ಒಂದು ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತಂದು ಮುಂದಿಟ್ಟರೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ, ಲೈನಿಂಗು, ಫಾಲ್ ಹುಡುಕಿಕೊಡುವುದು ನನ್ನ ಕೆಲಸ. ಲೇಪಾಕ್ಷಿಯಿಂದ ಬೆಳಗಿನ ಬಸ್ಸಿಗೆ ಬರುವ ಟೀಚರಮ್ಮಂದಿರು ಸೀರೆಯನ್ನೇ ತರದೆ, ‘ಅದೇ ಆ ಬಣ್ಣ, ಬದನೆಕಾಯಿ ಸುಟ್ಟಂಗೆ’ ಎಂದರೂ ಸಾಕು, ಸರಿಯಾದ ಥಾನು ಇಳಿಸುತ್ತೇನೆ. ನಾವು ಜಾತಿಯಿಂದ ನೇಕಾರರು. ಆದರೆ ನಮ್ಮಪ್ಪ ಲಾಳಿ ಬಿಟ್ಟು ಕತ್ತರಿ ಹಿಡಿದರು, ನಾನೂ ಅದನ್ನೇ ಹಿಡಿದೆ. ಮಂಜುಳನ ತವರಿನಲ್ಲಿ ಮಾತ್ರ ಮಗ್ಗ ಕೊನೆಯವರೆಗೂ ನಡೆಯಿತು. ನನ್ನ ಮಾವ ತೀರಿಕೊಳ್ಳುವ ಹಿಂದಿನ ವಾರವೂ ನೆಲದಲ್ಲಿ ತೋಡಿದ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರಂತೆ.

ಜಗಳ ಹುಟ್ಟಿದ್ದು ಆ ಮಗ್ಗದಿಂದಲೇ. ಮಾವನ ತಿಥಿಯ ದಿನ, ಎಲೆ ಎತ್ತಿದ ಮೇಲೆ, ಮಂಜುಳ ಆ ಮಗ್ಗ ತನಗೆ ಬೇಕು ಎಂದಳು. ಅಪ್ಪನ ಪಕ್ಕ ಕೂತು ನೇಯುವುದನ್ನು ಕಲಿತವಳು ತಾನು ಎಂಬುದು ಅವಳ ವಾದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ನೀನು ಒಂದಿನಾನೂ ಮಗ್ಗದಾಗೆ ಕುಂತೋಳಲ್ಲ” ಎಂದುಬಿಟ್ಟಳು. ಆ ಮನೆಯಲ್ಲೇ ಇದ್ದು ಅಪ್ಪನನ್ನು ನೋಡಿಕೊಂಡ ಜಯಕ್ಕ ತಣ್ಣಗೆ ಕೇಳಿದರು: “ಗುಂಡೀನೂ ಕಿತ್ಕೊಂಡು ಹೋಯ್ತೀಯ?”

ನನಗೆ ನಗು ಬಂತು. ಅಕ್ಕತಂಗಿಯರು ಆ ದಿನ ಒಟ್ಟಿಗೆ ಮಾಡಿದ ಕೊನೆಯ ಕೆಲಸವೆಂದರೆ ನನ್ನ ಕಡೆಗೆ ತಿರುಗಿ ನೋಡಿದ್ದು. ಅಲ್ಲಿಂದಾಚೆಗೆ ಮಾತಿಲ್ಲ.

ಮನೆಗೆ ಬಂದ ಮೇಲೆ ಮಂಜುಳ ಕೆಲವು ದಿನ ಸುಮ್ಮನಿದ್ದಳು. ಆಮೇಲೆ ಒಂದು ಬೆಳಿಗ್ಗೆ ನಾನು ಮಲಗುವ ಮಂಚದ ಹಲಗೆಗಳನ್ನು ತೆಗೆದು, ಬರೀ ಚೌಕಟ್ಟನ್ನು ಗೋಡೆಗೆ ನೆಟ್ಟಗೆ ಒರಗಿಸಿ, ಮೇಲಿನಿಂದ ಕೆಳಗೆ ದಾರ ಬಿಗಿದಳು. ಮಂಚವೇ ಮಗ್ಗವಾಯಿತು. ನಾನು ಚಾಪೆಗೆ ಬಂದೆ. ಅಂಗಡಿಯಲ್ಲಿ ಉಳಿಯುವ ತುಂಡುಬಟ್ಟೆಗಳನ್ನು ಉದ್ದುದ್ದ ಸೀಳಿ, ಹುರಿ ಮಾಡಿ, ಬೆರಳಿನಿಂದಲೇ ದಾರಗಳ ನಡುವೆ ತೂರಿಸಿ ನೇಯತೊಡಗಿದಳು. ಇದು ಜಮಖಾನವೋ, ಹೊದಿಕೆಯೋ, ಬಾಗಿಲ ಪರದೆಯೋ ಎಂದು ಕೇಳಿದೆ. “ಬಟ್ಟೆ” ಎಂದಳು. ಉಡಲಾಗದ, ಹೊದೆಯಲಾಗದ, ಒರೆಸಲೂ ಆಗದ ಬಟ್ಟೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗಿಳಿಹಸುರಿನ ಪಕ್ಕ ಹಳೇ ಬೆಲ್ಲದ ಬಣ್ಣ, ಅದರ ಪಕ್ಕ ಯಾರೂ ಕೇಳದೆ ನನ್ನಲ್ಲೇ ಉಳಿದಿದ್ದ ಒಂದು ಕಣ್ಣು ಕುಕ್ಕುವ ಗುಲಾಬಿ. ಇವು ಒಂದಕ್ಕೊಂದು ಹೊಂದುವುದಿಲ್ಲ ಎಂದು ಕಸುಬಿನ ಅಭಿಮಾನದಿಂದ ಹೇಳಿದೆ. ಅವಳು ಕೈ ನಿಲ್ಲಿಸದೆ, “ಹೊಂದ್ಕಂಡು ಹೋಗಾಕೆ ಇದೇನು ಸಂಸಾರವ?” ಎಂದಳು. ಇದರ ಮೇಲೆ ನಾನು ಬಣ್ಣದ ವಿಷಯ ಎತ್ತಲಿಲ್ಲ, ಸಂಸಾರದ ವಿಷಯವನ್ನಂತೂ ಎತ್ತಲೇ ಇಲ್ಲ.

ನಮ್ಮ ಕಡೆಯವರ ಒಂದು ಗೃಹಪ್ರವೇಶಕ್ಕೆ ನಾನು ಕಲ್ಯಾಣದುರ್ಗಕ್ಕೆ ಹೊರಟಾಗ ಅವಳು ನೇಯ್ದದ್ದನ್ನು ಮಡಿಸಿ ಚೀಲಕ್ಕೆ ಹಾಕಿದಳು. ಅಕ್ಕನಿಗೆ ಕೊಡಬೇಕು, ಏನೂ ಹೇಳಬಾರದು ಎಂಬ ಅಪ್ಪಣೆ. ಜಯಕ್ಕ ಅದನ್ನು ನೆಲದ ಮೇಲೆ ಹಾಸಿ ಒಂದು ಸುತ್ತು ಬಂದರು. ಕೂತು, ಅಂಚನ್ನು ಬೆರಳುಗಳ ನಡುವೆ ಹೊಸಕಿ ನೋಡಿದರು. ಎದ್ದು ಹೋಗಿ ನನಗೆ ಉಗ್ಗಾನಿ, ಮಿರ್ಚಿ ಬಜ್ಜಿ ತಂದಿಟ್ಟರು. ಆ ಊರಿನ ಉಗ್ಗಾನಿಯ ಬಗ್ಗೆ ಬೇರೆಯೇ ಬರೆಯಬೇಕು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದರೆ ಮನುಷ್ಯ ಇಷ್ಟು ಸಮಾಧಾನಿಯಾಗುತ್ತಾನೆಂದು ನನಗೆ ಗೊತ್ತಿರಲಿಲ್ಲ. ತಿಂದು ಮುಗಿಸಿದಾಗ ಜಯಕ್ಕ, ಬಟ್ಟೆ ಇಲ್ಲೇ ಇರಲಿ, ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು ಎಂದರು.

ಮುಂದಿನ ಸಲ ಹೋದಾಗ ಬಟ್ಟೆಯನ್ನು ಕೈಗೆ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಕುತೂಹಲಕ್ಕೆ ಬಿಚ್ಚಿದವನು ತಕ್ಷಣ ಮತ್ತೆ ಮಡಿಸಿಬಿಟ್ಟೆ. ನಟ್ಟನಡುವೆ ಊಟದ ತಟ್ಟೆಯಷ್ಟು ಅಗಲದ ತೂತು. ಹರಿದದ್ದಲ್ಲ, ಕತ್ತರಿ ಹಾಕಿ ನೀಟಾಗಿ ಕತ್ತರಿಸಿದ್ದು. ತಂಗಿ ತಿಂಗಳುಗಟ್ಟಲೆ ನೇಯ್ದದ್ದನ್ನು ಅಕ್ಕ ಹೀಗೆ ಮಾಡಿ, ಅದನ್ನು ನನ್ನ ಕೈಯಲ್ಲೇ ಕಳಿಸುತ್ತಿದ್ದಾರೆ. ದಾರಿಯುದ್ದಕ್ಕೂ ಏನು ಹೇಳುವುದೆಂದು ಯೋಚಿಸಿದೆ. ಸೋಮಂದೇಪಲ್ಲಿ ಬರುವ ಹೊತ್ತಿಗೆ ಇಲಿಯ ಮೇಲೆ ಹಾಕುವುದೆಂದು ತೀರ್ಮಾನಿಸಿದ್ದೆ. ಊರು ದಾಟಿದ ಮೇಲೆ, ಇಷ್ಟು ಗುಂಡಗೆ ಕಡಿಯುವ ಇಲಿಯನ್ನು ಯಾರು ನಂಬುತ್ತಾರೆ ಎನ್ನಿಸಿ ಅದನ್ನೂ ಬಿಟ್ಟೆ.

ಮನೆಗೆ ಬಂದು ಮಂಜುಳನ ಕೈಗೆ ಬಟ್ಟೆ ಕೊಟ್ಟವನೇ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ಒಂದರ ಮೇಲೆ ಒಂದು ಎರಡು ಲೋಟ ಕುಡಿದೆ. ಆಮೇಲೆ ನಗು ಕೇಳಿಸಿತು. ಮಾವ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹೊರಗೆ ಬಂದರೆ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆ ತೂತಿನೊಳಗಿಂದ ನನ್ನನ್ನೇ ನೋಡುತ್ತಿದ್ದಳು.

“ನೋಡಿ,” ಎಂದಳು, “ಅಕ್ಕ ಬಾಯಿ ಬಿಟ್ಟವಳೆ.”

ಹೀಗೆ ಶುರುವಾಯಿತು. ಮಂಜುಳ ಆ ತೂತಿನ ಅಂಚಿಗೆ ಕೆಂಪು ದಾರ ಸುತ್ತಿ, ದಾರದ ತುದಿಗಳನ್ನು ಇಳಿಬಿಟ್ಟು ಕಳಿಸಿದಳು. ಜಯಕ್ಕ ಆ ತುದಿಗಳನ್ನೆಲ್ಲ ಹೆಣೆದು ಒಂದು ಬೆಳ್ಳನೆಯ ಹತ್ತಿಯ ಪಟ್ಟಿಗೆ ಸೇರಿಸಿ ಕಳಿಸಿದರು. ಇವಳು ಅದರ ಕೆಳಗೆ ಕಲ್ಲುಬಂಡೆಯಂಥ ಬೂದು ಬಣ್ಣ ಕೂಡಿಸಿದಳು. ಅವರು ಆ ಬೂದುಬಣ್ಣದ ನಡುವೆ ಒಂದು ಕಡೆ ದಾರ ಎಳೆದು ತೆಗೆದು ಬಟ್ಟೆಯನ್ನು ಜಾಲರಿ ಮಾಡಿದರು. ಫೋನಿನಲ್ಲಿ ಒಂದು ಅಕ್ಷರ ಇಲ್ಲ. ಬಟ್ಟೆ ಹೋಗುತ್ತಿತ್ತು, ಬರುತ್ತಿತ್ತು. ಒಮ್ಮೆ ರಾಜಿ ಮಾಡಿಸುವ ಹುಮ್ಮಸ್ಸಿನಲ್ಲಿ, ಬಹಳ ಚೆನ್ನಾಗಿ ಬರುತ್ತಿದೆ ಎಂದು ಅಕ್ಕ ಹೊಗಳಿದರು ಎಂದೆ. ಮಂಜುಳ ತಲೆಯೆತ್ತದೆ, ಅಕ್ಕ ಯಾವತ್ತೂ ಹಾಗೆ ಹೇಳುವವಳಲ್ಲ ಎಂದಳು. ನನ್ನ ರಾಯಭಾರ ಅಲ್ಲಿಗೆ ಮುಗಿದು, ಬರೀ ಹೊರೆ ಹೊರುವುದು ಉಳಿಯಿತು.

ಹೊರೆಯೂ ಬೆಳೆಯಿತು. ಕೊನೆಕೊನೆಗೆ ಮಡಿಸಿದರೆ ನೆರಿಗೆ ಬೀಳುತ್ತದೆಂದು ಜಯಕ್ಕ ಅದನ್ನು ಉದ್ದಕ್ಕೆ ಸುರುಳಿ ಸುತ್ತಿ, ಬಿಳಿ ಪಂಚೆ ಹೊದಿಸಿ, ಮೂರು ಕಡೆ ಕಟ್ಟಿಕೊಟ್ಟರು. ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಅದನ್ನು ಮಲಗಿಸಿ ಪಕ್ಕದಲ್ಲಿ ನಾನು ಕೂತೆ. ಬೆಳುಗುಪ್ಪದ ಕಡೆಯ ಒಬ್ಬ ಅಜ್ಜಿ ಹಿಂದೂಪುರದ ಮಗಳ ಮನೆಗೆ ಹೊರಟವಳು ಅದನ್ನು ನೋಡಿ, ನನ್ನ ಹತ್ತಿರ ಬಗ್ಗಿ ತೆಲುಗಿನಲ್ಲಿ ಮೆಲ್ಲಗೆ, “ಎವರು ನಾಯನಾ?” ಎಂದಳು. ಯಾರೂ ಅಲ್ಲ ಅವ್ವ, ಬಟ್ಟೆ ಎಂದೆ. ದುಃಖದಲ್ಲಿರುವವರು ಹೀಗೆ ಏನೇನೋ ಮಾತಾಡುತ್ತಾರೆಂದು ಅವಳಿಗೆ ಗೊತ್ತಿರಬೇಕು. ಸುರುಳಿಗೆ ಕೈ ಮುಗಿದು, ನನ್ನ ಭುಜ ತಟ್ಟಿ ಮುಂದೆ ಹೋಗಿ ಕೂತಳು. ಹಿಂದೂಪುರದವರೆಗೂ ಆ ಸೀಟಿಗೆ ಯಾರೂ ಬರಲಿಲ್ಲ. ಅಷ್ಟು ಆರಾಮವಾದ ಪ್ರಯಾಣ ನನಗೆ ಎಂದೂ ಆಗಿಲ್ಲ.

ಈ ನಡುವೆ ನಮ್ಮ ಅಂಗಡಿಗೆ ದಾರ ಕೊಳ್ಳಲು ಬರುತ್ತಿದ್ದವರು ಶಬಾನಾ ಮೇಡಂ. ಚಿತ್ರಕಲೆ ಕಲಿಸುವವರು, ಬಟ್ಟೆಯಲ್ಲೇ ಕಲಾಕೃತಿ ಮಾಡುವವರು. ತಾವೂ ಸ್ನೇಹಿತರೂ ಸೇರಿ ಊರಿನ ಒಂದು ಮುಚ್ಚಿದ ಪವರ್‌ಲೂಮ್ ಶೆಡ್ಡಿನಲ್ಲಿ ಪ್ರದರ್ಶನ ಮಾಡುತ್ತಿರುವುದಾಗಿ ಹೇಳಿದರು. ನಾನು ಮನೆಯ ಕಥೆ ಹೇಳಿದೆ. ಮನೆಗೆ ಬಂದವರು ಬಟ್ಟೆಯ ಎರಡೂ ಮಗ್ಗುಲು ತಿರುಗಿಸಿ ನೋಡಿದರು. ಕೊನೆಗೆ ಇದು ಪ್ರದರ್ಶನದಲ್ಲಿ ಇರಲೇಬೇಕು, ಆದರೆ ತೂಗುಹಾಕಲು ಇಬ್ಬರೂ ಬರಬೇಕು, ಯಾವುದು ಮೇಲೆ ಯಾವುದು ಕೆಳಗೆ ಎಂದು ಮಾಡಿದವರೇ ಹೇಳಬೇಕು ಎಂದರು. ಮಂಜುಳ, ಅಕ್ಕ ಬರಲ್ಲ ಎಂದಳು. ಕಲ್ಯಾಣದುರ್ಗದಲ್ಲಿ ಜಯಕ್ಕ, “ಅವಳು ಕರದವಳಾ?” ಎಂದರು. ಕರೆದಿಲ್ಲ, ಆದರೆ ನೀವು ಬರದಿದ್ದರೆ ನಾನು ತಲೆಕೆಳಗಾಗಿ ನೇತುಹಾಕುವುದು ಖಂಡಿತ ಎಂದೆ. ನನ್ನ ಮುಖ ನೋಡಿದರು. ನಂಬಿಕೆ ಬಂದಿರಬೇಕು, “ಬತ್ತೀನಿ ಕಣಪ್ಪ” ಎಂದರು.

ಶೆಡ್ಡಿನೊಳಗೆ ಹೋದಾಗ ನನಗೆ ಕಾಲು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಒಬ್ಬರು ಹುಣಿಸೆಹಣ್ಣು ತುಂಬುವ ಗೋಣಿಚೀಲಗಳ ಮೇಲೆ ಊರಿನ ಬೀದಿಗಳನ್ನೆಲ್ಲ ಕಸೂತಿ ಹಾಕಿದ್ದರು. ನಮ್ಮ ಅಂಗಡಿಯ ಗಲ್ಲಿಯೂ ಇತ್ತು. ಇನ್ನೊಬ್ಬರು ರೇಷ್ಮೆಗೂಡುಗಳನ್ನು ಪೋಣಿಸಿ ಆಳೆತ್ತರದ ನಿಲುವಂಗಿ ಮಾಡಿದ್ದರು, ಗಾಳಿ ಬಂದರೆ ಅದು ಉಸಿರಾಡಿದಂತೆ ಅಲುಗುತ್ತಿತ್ತು. ಬಟ್ಟೆ ಎಂದರೆ ಇದೂ ಹೌದೇ ಎಂದು ನಾನು ಬಾಯಿ ತೆರೆದು ನಿಂತಿದ್ದಾಗ ಜಯಕ್ಕ ಬಂದರು. ದೇವಸ್ಥಾನಕ್ಕೆ ಬಂದವರಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಮಂಜುಳ ಎತ್ತರದ ಕಿಟಕಿಯ ಎದುರು ಏಣಿಯ ಮೇಲೆ ಸುರುಳಿಯ ಒಂದು ತುದಿ ಹಿಡಿದು ನಿಂತಿದ್ದಳು. ಜಯಕ್ಕ ಸೆರಗು ಸಿಕ್ಕಿಸಿ ಇನ್ನೊಂದು ಏಣಿ ಹತ್ತಿ ಆ ಕಡೆಯ ತುದಿ ಹಿಡಿದರು. ಶಬಾನಾ ಮೇಡಂ ಕೂಡ ಕೆಲಸ ನಿಲ್ಲಿಸಿದರು.

“ಆ ಕಡೆ ಒಸಿ ಎಳಿ” ಎಂದರು ಜಯಕ್ಕ.

ಮಂಜುಳ ಎಳೆದಳು. “ಸಾಕಾ?”

“ಇನ್ನೊಸಿ. ಹಾಂ.”

ಅಷ್ಟೇ. ಎರಡು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಇಷ್ಟು. ಕಟ್ಟು ಬಿಚ್ಚಿದರು, ಬಟ್ಟೆ ಸರ್ರನೆ ನೆಲದವರೆಗೆ ಇಳಿಯಿತು.

ನಾನು ಅದನ್ನು ಅಷ್ಟು ಸಲ ಹೊತ್ತಿದ್ದೆ, ಇಡಿಯಾಗಿ ಎಂದೂ ನೋಡಿರಲಿಲ್ಲ. ಮಡಿಕೆಯಲ್ಲಿ ನೋಡಿದ್ದೆ, ಚೀಲದಲ್ಲಿ ನೋಡಿದ್ದೆ, ಒಂದೊಂದು ಮೊಳವಾಗಿ ನೆಲದ ಮೇಲೆ ನೋಡಿದ್ದೆ. ಈಗ ಬೆಳಗಿನ ಬಿಸಿಲು ಹಿಂದಿನ ಕಿಟಕಿಯಿಂದ ಬಂದು ಬೂದುಬಣ್ಣದ ಜಾಲರಿಯಲ್ಲಿ ಸೋಸಿ ಇಳಿಯುತ್ತಿತ್ತು. ಅಂದು ನನ್ನನ್ನು ಹೆದರಿಸಿದ್ದ ಆ ತೂತಿನಲ್ಲಿ ಬರೀ ಬೆಳಕು ತುಂಬಿಕೊಂಡು, ಅದರಿಂದ ಕೆಂಪು ದಾರಗಳು ಇಳಿದಿದ್ದವು. ಗಿಳಿಹಸುರು, ಬೆಲ್ಲದ ಬಣ್ಣ, ಯಾರಿಗೂ ಬೇಡವಾಗಿದ್ದ ಆ ಗುಲಾಬಿ ಎಲ್ಲವೂ ಅಲ್ಲಿದ್ದವು. ಹೊಂದಿಕೊಂಡಿರಲಿಲ್ಲ. ಆದರೆ ಒಂದನ್ನು ತೆಗೆದರೂ ಇನ್ನೊಂದು ನಿಲ್ಲುವುದಿಲ್ಲ ಎಂಬಂತೆ ಇದ್ದವು. ಎಲ್ಲಿಯವರೆಗೆ ಅಕ್ಕ, ಎಲ್ಲಿಂದ ತಂಗಿ ಎಂದು ಹುಡುಕುತ್ತ ಹೋದೆ, ಒಂದು ಕಡೆ ದಾರಿ ತಪ್ಪಿತು. ಬಟ್ಟೆ ಕಂಡರೆ ಕೈ ತಾನಾಗಿ ಮೀಟರು ಕಡ್ಡಿಗೆ ಹೋಗುವ ನನಗೆ ಅಂದು ಕೈ ಕಟ್ಟಿಕೊಂಡು ನಿಲ್ಲಬೇಕೆನ್ನಿಸಿತು.

ಏಣಿಯಿಂದ ಇಳಿದ ಮಂಜುಳ ಆ ಬಿಳಿಯ ಹತ್ತಿಯ ಪಟ್ಟಿಯನ್ನು ಮುಟ್ಟಿ, ಇದನ್ನು ಎಲ್ಲಿ ಎತ್ತಿಟ್ಟಿದ್ದೆ ಎಂದು ಅಕ್ಕನನ್ನು ಕೇಳಿದಳು. ಎತ್ತಿಟ್ಟದ್ದಲ್ಲ, ಅಪ್ಪನ ಮಗ್ಗದಲ್ಲಿ ಉಳಿದ ನೂಲಿತ್ತು, ನಾನೇ ನೇಯ್ದೆ ಎಂದರು ಜಯಕ್ಕ. ಮಂಜುಳ ಪಟ್ಟಿಯ ಅಂಚನ್ನು ಬೆರಳುಗಳ ನಡುವೆ ಹೊಸಕಿ ನೋಡಿ ಹೇಳಿದಳು: “ಅಪ್ಪ ನೇದಿದ್ದೇ ಅನ್ಕಂಡಿದ್ದೆ ಕಣಕ್ಕ.”

ಜಯಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಬಿಸಿಲು ಜಾಸ್ತಿ ಆಯ್ತು ಎಂದರು.

ಇಷ್ಟೆಲ್ಲ ಆದ ಮೇಲೆ ನನಗೂ ಒಂದು ಆಸೆ ಹುಟ್ಟಿತು. ಇದರಲ್ಲಿ ನನ್ನದೂ ಒಂದು ಹೊಲಿಗೆ ಇರಲಿ ಎಂದು ಕೇಳಿಯೇಬಿಟ್ಟೆ. ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಜಯಕ್ಕ ಬಟ್ಟೆಯ ಹಿಂಭಾಗದ ಕೆಳಮೂಲೆ ತೋರಿಸಿ ಸೂಜಿ ಕೊಟ್ಟರು. ಬೆರಳಿಗೆ ಚುಚ್ಚಿಕೊಂಡು, ಬೆವರಿ, ಒಂದು ಹೊಲಿಗೆ ಹಾಕಿದೆ. ಮಂಜುಳ ಬಗ್ಗಿ ನೋಡಿ, “ಇರ್ಲಿ ಬಿಡಿ, ಅದು ಕಿಟಕಿ ಕಡೆಗೆ ಬತ್ತದೆ” ಎಂದಳು.

ಪ್ರದರ್ಶನ ನಡೆದಷ್ಟು ದಿನವೂ ಅಂಗಡಿ ಬೇಗ ಮುಚ್ಚಿ ಅಲ್ಲಿಗೆ ಹೋದೆ. ಬಂದವರು ಮುಂದೆ ನಿಂತು ಬೆರಗಾಗುತ್ತಿದ್ದರೆ, ಹಿಂದೆಯೂ ನೋಡಬೇಕು ಬನ್ನಿ ಎಂದು ಕಿಟಕಿ ಮತ್ತು ಬಟ್ಟೆಯ ನಡುವಿನ ಸಂದಿಗೆ ಅವರನ್ನು ಕರೆದೊಯ್ಯುತ್ತಿದ್ದೆ. ಕನ್ನಡಕದ ಒಬ್ಬ ಹಿರಿಯರು ನನ್ನ ಹೊಲಿಗೆಯ ಹತ್ತಿರ ಕೂತು ಬಹಳ ಹೊತ್ತು ಪರೀಕ್ಷಿಸಿ, ತಮ್ಮ ಹೆಂಡತಿಗೆ, ಇಡೀ ಬಟ್ಟೆಯಲ್ಲಿ ಇದೊಂದನ್ನು ಕಲಾವಿದರು ಬೇಕೆಂದೇ ಇಷ್ಟು ಒರಟಾಗಿ ಹಾಕಿದ್ದಾರೆ, ಇದರ ಹಿಂದೆ ಏನೋ ಆಳವಾದ ಯೋಚನೆ ಇದೆ ಎಂದು ವಿವರಿಸಿದರು. ಹೌದು ಸಾರ್, ಬಹಳ ಯೋಚಿಸಿ ಹಾಕಿದ್ದು ಎಂದೆ. ಸುಳ್ಳೇನಲ್ಲ. ಸೂಜಿಗೆ ದಾರ ಪೋಣಿಸುವುದಕ್ಕೇ ನಾನು ಅಷ್ಟು ಯೋಚಿಸಿದ್ದೆ.