ಯಜಮಾನರ ಕಂಬಳಿಗೂ ಥರ್ಮಾಕೋಲಿಗೂ ಪಂದ್ಯ

ಶಾಖ ಅಳೆಯುವ ವಿದ್ಯೆ ನಮ್ಮ ಕ್ಯಾತನಹಳ್ಳಿ ಮನೆಗೆ ಕಾಲಿಟ್ಟ ದಿನವೇ ನಾನು ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ಇಂಜಿನಿಯರಿಂಗ್ ಓದುವ ಮೊಮ್ಮಗಳು ಅರ್ಪಿತ ಕಾಲೇಜಿನಿಂದ ತಂದಿದ್ದ ಹಿತ್ತಾಳೆ ಬಿಲ್ಲೆಗಳು ನನ್ನ ಕಣ್ಣಿಗೆ ದೇವರ ತಟ್ಟೆಯಾಗಿ ಕಂಡವು.

"ಅಜ್ಜೀ, ಪೂಜೆಗಲ್ಲ ಅದು! ಮೇಲಿನದಕ್ಕೆ ಹಬೆ ಬಿಟ್ಟು, ನಡುವೆ ಒಂದು ವಸ್ತು ಇಟ್ಟು, ಕೆಳಗಿನದಕ್ಕೆ ಎಷ್ಟು ಬಿಸಿ ಇಳೀತು ಅಂತ ಅಳೀಬೇಕು. ಕಮ್ಮಿ ಇಳಿದ್ರೆ ಒಳ್ಳೇ ವಸ್ತು. ಹಾಲಿನ ಕ್ಯಾನಿಗೆ ಹೊದಿಸಬೋದು."

"ಬೆರಳಿಟ್ಟು ನೋಡಿದ್ರೆ ಗೊತ್ತಾಗಕಿಲ್ವಾ?"

ಅವತ್ತಿಂದ ಕಬ್ಬಿನ ರವದಿ, ತೆಂಗಿನ ನಾರು, ಗೋಣಿಚೀಲ, ನನ್ನ ದಿಂಬಿನ ಹತ್ತಿ, ಅವಳೇ ಪೇಟೆಯಿಂದ ತಂದ ಥರ್ಮಾಕೋಲು, ಎಲ್ಲವೂ ಬಿಲ್ಲೆಯಾಗಿ ಹಬೆಸ್ನಾನಕ್ಕೆ ಕೂತವು. (ಒಲೆ ಅವಳ ಹಬೆಗೆ. ನನ್ನ ಹಿಟ್ಟಿನ ತಪ್ಪಲೆ ಹಿತ್ತಲಿಗೆ ಗಡೀಪಾರು.) ಕೊನೆಗೆ ಅವಳ ಕಣ್ಣು ಕರಿಕಂಬಳಿ ಮೇಲೆ ಬಿತ್ತು.

"ಮುಟ್ಟೀಯೆ! ನಿಮ್ಮ ತಾತ ಗದ್ದೆಗೆ ನೀರು ಕಟ್ಟಕೆ ಹೋಗುವಾಗ ಹೊದ್ಕತಿದ್ದದ್ದು. ಬರೋ ತಿಂಗ್ಳು ನಿಮ್ಮಣ್ಣ ದಿಲೀಪನ ಮದ್ವೇಲಿ ಹಸೆಗೆ ಇದನ್ನೇ ಹಾಸ್ಬೇಕು. ತಾತನ ಆಶೀರ್ವಾದ ಅಂತ ಉಳಿದಿರೋದು ಇದೊಂದೇ ಕಣಮ್ಮಿ."

"ಸರಿ ಬುಡಜ್ಜಿ. ಎಂಗೂ ಥರ್ಮಾಕೋಲೇ ಗೆಲ್ಲೋದು."

ನನ್ನ ಮೈಯೆಲ್ಲಾ ಉರಿಯಿತು. ಊದಿದರೆ ಹಾರಿಹೋಗುವ ಪದಾರ್ಥ ನಮ್ಮ ಯಜಮಾನರ ಕಂಬಳಿಯನ್ನು ಗೆಲ್ಲುವುದೇ?

ಅವಳು ಕಾಲೇಜು ಬಸ್ಸು ಹತ್ತಿದ ಮೇಲೆ ಕತ್ತರಿ ತಗೊಂಡೆ. ಕಂಬಳಿಯ ಅಂಚು ಸವೆದಿತ್ತು. ಸವೆದದ್ದನ್ನು ಕೊಟ್ಟು ಸೋತರೆ ಯಜಮಾನರಿಗೆ ತಾನೇ ಅವಮಾನ? ಹಿತ್ತಾಳೆ ಬಿಲ್ಲೆಯನ್ನು ನಟ್ಟನಡುವೆ ಇಟ್ಟು, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಒಂದೆಳೆಯೂ ಆಚೀಚೆ ಆಗದಂತೆ ಕತ್ತರಿಸಿದೆ. ಅಳತೆ ಮುಗಿದ ಮೇಲೆ ಹೊಲಿದುಬಿಟ್ಟರಾಯಿತು, ಯಾರಿಗೆ ಗೊತ್ತಾಗುತ್ತೆ!

ಸಾಯಂಕಾಲ ಹಬೆ ಬುಸುಗುಟ್ಟಿತು. ನಾನು ಕಂಬಳಿ ತುಂಡನ್ನು ಅವಳ ಕೈಗಿಟ್ಟು ಒಲೆ ಪಕ್ಕದಲ್ಲೇ ಕೂತೆ.

"ಕೂದಲೆಳೇಲಿ ಸೋತ್ಬುಡ್ತು ಅಜ್ಜಿ. ಥರ್ಮಾಕೋಲೇ ಮೊದಲು."

"ನಿನ್ನ ಹಬೆ ಸರಿಗಿಲ್ಲ! ಇನ್ನೊಂದ್ಸಲ ನೋಡು!"

"ಎಲ್ಲಾ ಸರಿಯಾಗೇ ಐತೆ. ಅದಿರ್ಲಿ, ಈ ತುಂಡು ಎಲ್ಲಿಂದ ತಂದೆ?"

ಒಳಗಿಂದ ಕಂಬಳಿ ತಂದು ಹಾಸಿದೆ. ತೂತಿನಲ್ಲಿ ಕೆಂಪು ಗಾರೆನೆಲ ಕುಂಕುಮದ ಬೊಟ್ಟಿನ ಹಾಗೆ ಹೊಳೆಯಿತು. ತುಂಡನ್ನು ಹೊಲಿಯೋಣವೆಂದು ಅಲ್ಲಿಟ್ಟರೆ, ಸೋರಿದ ಹಬೆಗೆ ಮುದುಡಿ ನಿಪ್ಪಟ್ಟಿನಷ್ಟಾಗಿದೆ!

ಅರ್ಪಿತ ತೂತು ನೋಡಿದಳು, ನನ್ನ ಮುಖ ನೋಡಿದಳು. ಸೆರಗಿಲ್ಲದ ಹುಡುಗಿ, ನನ್ನ ಸೆರಗನ್ನೇ ಎಳೆದು ಬಾಯಿಗೆ ಅಡ್ಡ ಹಿಡಿದುಕೊಂಡು ಕೇಳಿದಳು:

"ಅಜ್ಜೀ, ಈ ತೂತಿಗೆ ಸರಿಯಾಗಿ ಕೂರೋದು ಥರ್ಮಾಕೋಲ್ ಬಿಲ್ಲೆ ಒಂದೇ. ಮದ್ವೆ ದಿನ ಅದನ್ನೇ ಇಟ್ಟು, ಮೇಲೆ ಒಸಿ ಮಸಿ ಬಳೀಲಾ?"